ಬ್ರೇಕಿನ ಬಿಲ್ಲೆ: ಅದರ ಕೆಲಸ, ಅದರ ಕಾಯಿಲೆ

ಆಗುಂಬೆಯ ಘಟ್ಟವನ್ನು ಕಾರಿನಲ್ಲಿ ಇಳಿದವರಿಗೆ ಒಂದು ವಾಸನೆಯ ಪರಿಚಯವಿರುವುದು ಸಂಭವ. ಹದಿನಾಲ್ಕು ಕಡಿದಾದ ತಿರುವುಗಳೂ ಮುಗಿದು, ಸೋಮೇಶ್ವರದ ಬಳಿ ರಸ್ತೆ ಸಮವಾದ ಮೇಲೆ ಗಾಡಿಯನ್ನು ಬದಿಗೆ ನಿಲ್ಲಿಸಿ ಇಳಿದರೆ, ಮುಂದಿನ ಗಾಲಿಗಳ ಕಡೆಯಿಂದ ಸುಟ್ಟ ರಬ್ಬರನ್ನೂ ಕಾದ ಕಬ್ಬಿಣವನ್ನೂ ಬೆರೆಸಿದಂಥ ಘಾಟೊಂದು ಮೂಗಿಗೆ ಬಡಿಯುತ್ತದೆ. ಅನುಭವಿಗಳು "ಬ್ರೇಕು ಕಾದಿದೆ, ಸ್ವಲ್ಪ ಹೊತ್ತು ಬಿಡಿ" ಎನ್ನುತ್ತಾರೆ. ಅನುಭವವಿಲ್ಲದವರು ಹತ್ತಿರದ ನಲ್ಲಿಯಿಂದ ಒಂದು ಬಿಂದಿಗೆ ನೀರು ತಂದು ಗಾಲಿಯ ಮೇಲೆ ಸುರಿಯುತ್ತಾರೆ. ಮೊದಲನೆಯ ಮಾತು ಸರಿ. ಎರಡನೆಯ ಕೆಲಸ ಅಪಾಯಕರ. ಏಕೆ ಸರಿ, ಏಕೆ ಅಪಾಯ ಎಂಬುದನ್ನು ತಿಳಿಯಲು ನಾವು ಪ್ರೌಢಶಾಲೆಯಲ್ಲೂ ಕಾಲೇಜಿನ ಮೊದಲ ತರಗತಿಗಳಲ್ಲೂ ಕಲಿತ ಭೌತವಿಜ್ಞಾನವೇ ಸಾಕು.

ಗಾಲಿಯ ಅರೆಗಳ ಸಂದಿನಿಂದ ಇಣಿಕಿ ನೋಡಿದರೆ ಒಳಗೆ ಹೊಳೆಯುವ ಕಬ್ಬಿಣದ ತಟ್ಟೆಯೊಂದು ಕಾಣುತ್ತದೆ. ಗರಾಜುಗಳಲ್ಲಿ ಇದನ್ನು ಡಿಸ್ಕ್ ಎನ್ನುತ್ತಾರೆ. ಪುಸ್ತಕಗಳಲ್ಲಿ ರೋಟರ್ ಎಂಬ ಹೆಸರೂ ಉಂಟು. ನಾವು ಬಿಲ್ಲೆ ಎಂದೇ ಕರೆಯೋಣ. ಇದು ಗಾಲಿಯ ಕುಂಭಕ್ಕೆ ಬಿಗಿಯಲ್ಪಟ್ಟು ಗಾಲಿಯೊಡನೆಯೇ ತಿರುಗುತ್ತದೆ. ಇದರ ಅಂಚನ್ನು ಅಪ್ಪಿ ಹಿಡಿದಂತೆ ಕುಳಿತಿರುವ, ಆದರೆ ತಾನು ತಿರುಗದಿರುವ ಭಾಗವೇ ಕ್ಯಾಲಿಪರ್. ಅದರೊಳಗೆ ಬಿಲ್ಲೆಯ ಎರಡು ಪಕ್ಕಗಳಲ್ಲಿ ಎರಡು ಪ್ಯಾಡುಗಳಿರುತ್ತವೆ. ಚಾಲಕನು ಬ್ರೇಕನ್ನು ತುಳಿದಾಗ ಈ ಪ್ಯಾಡುಗಳು, ತಿರುಗುವ ತಟ್ಟೆಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿಯುವಂತೆ, ಬಿಲ್ಲೆಯನ್ನು ಅಮುಕಿ ಹಿಡಿಯುತ್ತವೆ. ರಚನೆ ಇಷ್ಟೇ.

ಈಗ ಒಂದು ಲೆಕ್ಕ ಮಾಡೋಣ. ಜನರೂ ಸಾಮಾನೂ ಸೇರಿ 1200 ಕಿಲೋಗ್ರಾಂ ತೂಗುವ ಒಂದು ಸಣ್ಣ ಕಾರು ಗಂಟೆಗೆ 90 ಕಿಲೋಮೀಟರ್, ಎಂದರೆ ಸೆಕೆಂಡಿಗೆ 25 ಮೀಟರ್ ವೇಗದಲ್ಲಿ ಹೋಗುತ್ತಿದೆ. ಇದರ ಚಲನಶಕ್ತಿ ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು: 3,75,000 ಜೂಲ್. ಎದುರಿಗೆ ದನವೊಂದು ಅಡ್ಡ ಬಂದಿತೆಂದು ಚಾಲಕನು ಬಲವಾಗಿ ಬ್ರೇಕು ಹಾಕಿ, 4 ಸೆಕೆಂಡುಗಳಲ್ಲಿ 50 ಮೀಟರ್ ದೂರದೊಳಗೆ ಗಾಡಿಯನ್ನು ನಿಲ್ಲಿಸಿದನೆಂದು ಭಾವಿಸೋಣ. ಶಕ್ತಿ ನಾಶವಾಗುವುದಿಲ್ಲವೆಂಬುದು ನಿಯಮ. ಹಾಗಾದರೆ ಆ 3,75,000 ಜೂಲ್ ಎಲ್ಲಿಗೆ ಹೋಯಿತು? ಬಹುಮಟ್ಟಿಗೆ ಎಲ್ಲವೂ ಬ್ರೇಕುಗಳಲ್ಲಿ ಉಷ್ಣವಾಗಿ ಮಾರ್ಪಟ್ಟಿತು. ಒಂದು ಲೀಟರ್ ತಣ್ಣೀರನ್ನು ಕುದಿಯುವವರೆಗೆ ಕಾಯಿಸಿ ಇನ್ನೂ ಸ್ವಲ್ಪ ಉಳಿಯುವಷ್ಟು ಉಷ್ಣ ಅದು.

ಉಷ್ಣದ ಮೊತ್ತಕ್ಕಿಂತ ಅದು ಹುಟ್ಟುವ ದರ ಹೆಚ್ಚು ಗಮನಾರ್ಹವಾದುದು. 4 ಸೆಕೆಂಡುಗಳಲ್ಲಿ ಇಷ್ಟು ಶಕ್ತಿಯೆಂದರೆ ಸರಾಸರಿ ಸುಮಾರು 94 ಕಿಲೋವ್ಯಾಟ್, ಹಳೆಯ ಮಾತಿನಲ್ಲಿ 125 ಅಶ್ವಸಾಮರ್ಥ್ಯ. ಬ್ರೇಕು ಹಿಡಿದ ಮೊದಲ ಕ್ಷಣದಲ್ಲಿ ಇದರ ಎರಡರಷ್ಟು. ಆ ಕಾರಿನ ಎಂಜಿನ್ನಿನ ಪೂರ್ಣ ಸಾಮರ್ಥ್ಯವೇ 80 ಅಶ್ವದ ಆಸುಪಾಸಿನಲ್ಲಿರುತ್ತದೆ. ಕಾರನ್ನು ಕೊಳ್ಳುವವರು ಎಂಜಿನ್ನಿನ ಅಶ್ವಗಳನ್ನು ಎಣಿಸುತ್ತಾರೆ. ಅದಕ್ಕಿಂತ ಬಲವಾದ ಯಂತ್ರವೊಂದು ಗಾಲಿಗಳ ಒಳಗೆ ಕುಳಿತಿದೆಯೆಂದು ಯೋಚಿಸುವವರು ವಿರಳ.

ಬ್ರೇಕು ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ವಾಲುವುದರಿಂದ ಕೆಲಸದ ಸುಮಾರು 70 ಪಾಲು ಮುಂದಿನ ಎರಡು ಗಾಲಿಗಳ ಮೇಲೆಯೇ ಬೀಳುತ್ತದೆ. ನಮ್ಮ ದೇಶದ ಬಹುತೇಕ ಸಣ್ಣ ಕಾರುಗಳಲ್ಲಿ ಮುಂದೆ ಬಿಲ್ಲೆಯ ಬ್ರೇಕನ್ನೂ ಹಿಂದೆ ಡ್ರಮ್ಮಿನ ಬ್ರೇಕನ್ನೂ ಇಟ್ಟಿರುವುದು ಇದರಿಂದಲೇ. ಈ ಲೆಕ್ಕದಂತೆ ಮುಂದಿನ ಒಂದೊಂದು ಬಿಲ್ಲೆಗೆ ಬರುವ ಉಷ್ಣ 1,31,000 ಜೂಲ್. ಬಿಲ್ಲೆಯ ತೂಕ 5 ಕಿಲೋಗ್ರಾಂ, ಅದರ ಲೋಹದ ವಿಶಿಷ್ಟೋಷ್ಣ ಕಿಲೋಗ್ರಾಂಗೆ ಸುಮಾರು 500 ಜೂಲ್ ಎಂದು ಹಿಡಿದರೆ, ಆ ಒಂದು ನಿಲುಗಡೆಯಿಂದ ಬಿಲ್ಲೆಯ ಉಷ್ಣತೆ 52 ಡಿಗ್ರಿ ಏರಬೇಕು. ಪ್ಯಾಡು ಉಷ್ಣವನ್ನು ಅಷ್ಟಾಗಿ ಸಾಗಿಸದ ವಸ್ತುವಾದುದರಿಂದ ಉಷ್ಣದ ಬಹುಭಾಗವನ್ನು ಬಿಲ್ಲೆಯೇ ನುಂಗಬೇಕಾಗುತ್ತದೆ. ಒಂದು ಸಲಕ್ಕೆ ಇದೇನೂ ಹೆಚ್ಚಲ್ಲ. ಆದರೆ ತಣಿಯಲು ಬಿಡುವು ಕೊಡದೆ ಎಂಟು ಹತ್ತು ಸಲ ಇದೇ ರೀತಿ ನಿಲ್ಲಿಸಿದರೆ ಏನಾಗುವುದೆಂಬುದನ್ನು ವಾಚಕರೇ ಊಹಿಸಬಹುದು.

ಈ ಉಷ್ಣದ ತೊಂದರೆಯೇ ಬಿಲ್ಲೆಯ ಬ್ರೇಕು ಹುಟ್ಟಿ ಬೆಳೆದ ಕಥೆಯ ಮುಖ್ಯ ಎಳೆ. ಹಿಂದಿನ ಕಾರುಗಳಲ್ಲಿ ನಾಲ್ಕು ಗಾಲಿಗಳಿಗೂ ಡ್ರಮ್ಮುಗಳಿದ್ದುವು. ಡ್ರಮ್ಮೆಂದರೆ ಬೋರಲು ಹಾಕಿದ ಬೋಗುಣಿಯಂಥ ಭಾಗ. ಅದರ ಒಳಗೋಡೆಯನ್ನು ಎರಡು ಕಮಾನಿನಾಕಾರದ ಶೂಗಳು ಒಳಗಿನಿಂದ ಹೊರಕ್ಕೆ ಒತ್ತುತ್ತವೆ. ಕಾದ ಲೋಹ ಹಿಗ್ಗುತ್ತದೆಯಷ್ಟೆ. 200 ಮಿಲಿಮೀಟರ್ ವ್ಯಾಸದ ಡ್ರಮ್ಮು 300 ಡಿಗ್ರಿ ಕಾದರೆ ಅದರ ವ್ಯಾಸ ಸುಮಾರು 0.66 ಮಿಲಿಮೀಟರ್ ಹೆಚ್ಚುತ್ತದೆ. ಎಂದರೆ ಗೋಡೆ ಶೂಗಳಿಂದ ದೂರ ಸರಿಯುತ್ತದೆ, ಕಾಲು ಇನ್ನಷ್ಟು ಆಳಕ್ಕೆ ತುಳಿಯಬೇಕಾಗುತ್ತದೆ. ಬಿಲ್ಲೆಯಲ್ಲಾದರೋ ಇದಕ್ಕೆ ವಿರುದ್ಧ. 22 ಮಿಲಿಮೀಟರ್ ದಪ್ಪದ ಬಿಲ್ಲೆ ಅಷ್ಟೇ ಕಾದಾಗ ಅದರ ದಪ್ಪ 0.07 ಮಿಲಿಮೀಟರ್ ಹೆಚ್ಚುತ್ತದೆ, ಅದೂ ಪ್ಯಾಡುಗಳ ಕಡೆಗೆ. ಡ್ರಮ್ಮಿನ ಬಿಸಿ ಒಳಗೆ ಸೆರೆಯಾಗಿರುತ್ತದೆ. ಬಿಲ್ಲೆ ಗಾಳಿಗೆ ಮೈಯೊಡ್ಡಿ ತಿರುಗುತ್ತದೆ. ಮಳೆಯ ನೀರನ್ನು ಡ್ರಮ್ಮು ಹಿಡಿದಿಟ್ಟುಕೊಳ್ಳಬಹುದು; ಬಿಲ್ಲೆ ಅದನ್ನು ಕೊಡವಿ ಎಸೆಯುತ್ತದೆ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿದ್ದ ಫ್ರೆಡರಿಕ್ ಲ್ಯಾಂಚೆಸ್ಟರ್ ಎಂಬ ಎಂಜಿನಿಯರನು 1902ರಲ್ಲಿಯೇ ಬಿಲ್ಲೆಯ ಬ್ರೇಕಿಗೆ ಪೇಟೆಂಟು ಪಡೆದನು. ಆದರೆ ಆತ ಬಳಸಿದ ಘರ್ಷಕ ವಸ್ತು ತಾಮ್ರ. ಲೋಹಕ್ಕೆ ಲೋಹ ಉಜ್ಜಿ ಕಿವಿ ಹರಿಯುವಂತೆ ಕಿರುಚುತ್ತಿತ್ತೆಂದು ಹೇಳುತ್ತಾರೆ. ಮುಂದೆ ಹರ್ಬರ್ಟ್ ಫ್ರೂಡನು ಕಲ್ನಾರಿನ ಲೇಪವನ್ನು ಬಳಕೆಗೆ ತಂದಾಗ ಕಿರುಚಾಟ ಅಡಗಿತು. ಅದೇ ಕಲ್ನಾರಿನ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂಬುದು ಸ್ಥಿರಪಟ್ಟು, ಅದನ್ನು ಅನೇಕ ದೇಶಗಳು ಬ್ರೇಕುಗಳಿಂದ ಹೊರಹಾಕಿದ್ದು ಬಹಳ ವರ್ಷಗಳ ಅನಂತರದ ಮಾತು. ಬಿಲ್ಲೆಯ ಬ್ರೇಕು ಜಗತ್ತಿನ ಕಣ್ಣಿಗೆ ಬಿದ್ದುದು 1953ರಲ್ಲಿ. ಫ್ರಾನ್ಸಿನ ಲೆ ಮಾನ್ಸ್ ಎಂಬಲ್ಲಿ ಇಪ್ಪತ್ತನಾಲ್ಕು ಗಂಟೆಗಳ ಕಾಲ ಎಡೆಬಿಡದೆ ನಡೆಯುವ ಓಟದಲ್ಲಿ ಡನ್‌ಲಪ್ ಕಂಪನಿಯ ಬಿಲ್ಲೆಗಳನ್ನು ಹೊತ್ತ ಜಾಗ್ವಾರ್ ಕಾರು ಗೆದ್ದಿತು. ಆಗಿನ ಆ ಪಥದಲ್ಲಿ ಸುಮಾರು 6 ಕಿಲೋಮೀಟರ್ ಉದ್ದದ ನೇರ ರಸ್ತೆಯಿದ್ದು, ಅದರ ಕೊನೆಯಲ್ಲಿ ಮೊನಚಾದ ತಿರುವಿತ್ತು. ಡ್ರಮ್ಮಿನ ಕಾರುಗಳು ತಿರುವಿಗೆ ಬಹಳ ಮೊದಲೇ ವೇಗ ತಗ್ಗಿಸಬೇಕಾಗಿದ್ದಿತು. ಜಾಗ್ವಾರಿನ ಚಾಲಕರು ಇನ್ನೂ ಸ್ವಲ್ಪ ದೂರ ಓಡಿಸಿ ಆಮೇಲೆ ಬ್ರೇಕು ತುಳಿಯಬಹುದಾಗಿದ್ದಿತು. ಪ್ರತಿ ಸುತ್ತಿನಲ್ಲೂ ಸಿಕ್ಕುವ ಈ ಲಾಭ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಎಷ್ಟಾದೀತು! 1955ರಲ್ಲಿ ಫ್ರಾನ್ಸಿನ ಸಿಟ್ರೊಯೆನ್ ಡಿ.ಎಸ್. ಕಾರು ಬಿಲ್ಲೆಗಳನ್ನು ಸಾಮಾನ್ಯ ಗ್ರಾಹಕರ ಮನೆಗೂ ತಂದಿತು.

ಪ್ಯಾಡು ಬಿಲ್ಲೆಯನ್ನು ಎಷ್ಟು ಬಲದಿಂದ ಒತ್ತುತ್ತದೆ ಎಂಬುದನ್ನು ಲೆಕ್ಕ ಹಾಕುವುದು ವಿದ್ಯಾರ್ಥಿಗಳಿಗೆ ಒಳ್ಳೆಯ ಅಭ್ಯಾಸ. ನಮ್ಮ 1200 ಕಿಲೋಗ್ರಾಂ ಕಾರನ್ನು 4 ಸೆಕೆಂಡುಗಳಲ್ಲಿ ನಿಲ್ಲಿಸಲು ಬೇಕಾದ ಒಟ್ಟು ಬಲ 7500 ನ್ಯೂಟನ್. ಮುಂದಿನ ಒಂದು ಗಾಲಿಯ ಪಾಲು 2625. ಟೈರಿನ ತ್ರಿಜ್ಯ 28 ಸೆಂಟಿಮೀಟರ್, ಪ್ಯಾಡು ಒತ್ತುವ ಜಾಗ ನಡುವಿನಿಂದ 10 ಸೆಂಟಿಮೀಟರ್ ಆದುದರಿಂದ, ಸನ್ನೆಯ ನಿಯಮದಂತೆ ಬಿಲ್ಲೆಯ ಮೇಲೆ 7350 ನ್ಯೂಟನ್ ಘರ್ಷಣೆ ಬೇಕು. ಎರಡು ಪ್ಯಾಡುಗಳು ಇದನ್ನು ಹಂಚಿಕೊಳ್ಳುತ್ತವೆ. ಘರ್ಷಣಾಂಕ 0.4 ಎಂದರೆ ಪ್ರತಿ ಪ್ಯಾಡೂ ಸುಮಾರು 9200 ನ್ಯೂಟನ್ ಬಲದಿಂದ ಒತ್ತಬೇಕು. ಒಂದು ಟನ್ನಿಗೆ ಸ್ವಲ್ಪವೇ ಕಡಮೆಯಾದ ಭಾರವನ್ನು ಅಂಗೈಯಗಲದ ಪ್ಯಾಡಿನ ಮೇಲೆ ಹೇರಿದಂತಾಯಿತು! ಚಾಲಕನ ಕಾಲು ಇದನ್ನು ಹೇಗೆ ಮಾಡೀತು? ಪೆಡಲಿನ ಸನ್ನೆ, ಎಂಜಿನ್ನಿನ ನಿರ್ವಾತದಿಂದ ಕೆಲಸ ಮಾಡುವ ಬೂಸ್ಟರು, ಚಿಕ್ಕ ಸಿಲಿಂಡರಿನ ಒತ್ತಡವನ್ನು ದೊಡ್ಡ ಸಿಲಿಂಡರಿಗೆ ಸಾಗಿಸುವ ಪ್ಯಾಸ್ಕಲನ ನಿಯಮ, ಈ ಮೂರೂ ಸೇರಿ ಕಾಲಿನ ಹತ್ತು ಕಿಲೋಗ್ರಾಂನಷ್ಟು ಒತ್ತನ್ನು ಟನ್ನಿನ ಹತ್ತಿರಕ್ಕೆ ಏರಿಸುತ್ತವೆ. ಎಂಜಿನ್ನನ್ನು ನಿಲ್ಲಿಸಿ ಇಳಿಜಾರಿನಲ್ಲಿ ಜಾರುತ್ತ ಹೋಗುವವರು ಇವುಗಳಲ್ಲಿ ಬೂಸ್ಟರನ್ನು ತಾವಾಗಿಯೇ ಕಳೆದುಕೊಳ್ಳುತ್ತಾರೆ. ಎರಡು ಮೂರು ಸಲ ತುಳಿಯುವಷ್ಟರಲ್ಲಿ ಉಳಿದ ನಿರ್ವಾತ ಮುಗಿದು ಪೆಡಲು ಕಲ್ಲಿನಂತೆ ಗಟ್ಟಿಯಾಗುತ್ತದೆ.

ಪ್ಯಾಡನ್ನು ದೊಡ್ಡದು ಮಾಡಿದರೆ ಘರ್ಷಣೆ ಹೆಚ್ಚುತ್ತದೆಯೇ? ತರಗತಿಯಲ್ಲಿ ಈ ಪ್ರಶ್ನೆ ಕೇಳಿದಾಗ ಅರ್ಧದಷ್ಟು ಮಂದಿ ಹೌದೆಂದು ಕೈಯೆತ್ತುವುದುಂಟು. ಘರ್ಷಣೆ ತಾಗುವ ಮೈಯ ವಿಸ್ತೀರ್ಣವನ್ನು ಅವಲಂಬಿಸುವುದಿಲ್ಲವೆಂಬ ನಿಯಮ ಇಲ್ಲಿಯೂ ಬಹುಮಟ್ಟಿಗೆ ಸಲ್ಲುತ್ತದೆ. ದೊಡ್ಡ ಪ್ಯಾಡಿನಿಂದ ಸವೆತ ಕಡಮೆ, ಮೈ ಅಷ್ಟು ಕಾಯದು. ಬಿಲ್ಲೆಯನ್ನು ದೊಡ್ಡದು ಮಾಡಿದರೆ ಮಾತ್ರ ಇಮ್ಮಡಿ ಲಾಭ: ಸನ್ನೆಯ ತೋಳೂ ಉದ್ದವಾಗುತ್ತದೆ, ಉಷ್ಣವನ್ನು ಹೊರುವ ಲೋಹವೂ ಹೆಚ್ಚುತ್ತದೆ.

ಬಿಲ್ಲೆಗೆ ಬಳಸುವ ಲೋಹ ಸಾಧಾರಣವಾಗಿ ಬೂದು ಬಣ್ಣದ ಬೀಡು ಕಬ್ಬಿಣ. ಉಕ್ಕಿಗಿಂತ ಅಗ್ಗವಾದ, ಸುತ್ತಿಗೆಯ ಪೆಟ್ಟಿಗೆ ಒಡೆಯುವ ಈ ಲೋಹವನ್ನು ಪ್ರಾಣರಕ್ಷಣೆಯ ಭಾಗಕ್ಕೆ ಏಕೆ ಆರಿಸಿದರು? ಇದರಲ್ಲಿ ನೂರಕ್ಕೆ 3ರಿಂದ 4 ಪಾಲು ಇಂಗಾಲವಿದ್ದು, ಅದರ ಬಹುಭಾಗ ಗ್ರಾಫೈಟಿನ ತೆಳು ಚಕ್ಕೆಗಳಾಗಿ ಲೋಹದೊಳಗೆ ಹರಡಿರುತ್ತದೆ. ಈ ಚಕ್ಕೆಗಳು ಉಷ್ಣವನ್ನು ಚೆನ್ನಾಗಿ ಸಾಗಿಸುತ್ತವೆ, ಕಂಪನವನ್ನು ಹೀರಿಕೊಳ್ಳುತ್ತವೆ. ಉಕ್ಕಿನ ತಟ್ಟೆಯನ್ನು ತಟ್ಟಿದರೆ ಗಂಟೆಯಂತೆ ನಾದ ಬರುತ್ತದೆ, ಬೀಡು ಕಬ್ಬಿಣದ್ದು 'ಡಬ್' ಎಂದು ಸುಮ್ಮನಾಗುತ್ತದೆ. ಬ್ರೇಕಿನಲ್ಲಿ ನಮಗೆ ಬೇಕಾದುದು ಈ ಮೌನವೇ.

ಸ್ವಲ್ಪ ಭಾರದ ಗಾಡಿಗಳ ಮುಂದಿನ ಬಿಲ್ಲೆಯನ್ನು ಅಂಚಿನ ಕಡೆಯಿಂದ ನೋಡಿದರೆ ಅದು ಒಂದೇ ತಟ್ಟೆಯಲ್ಲ, ನಡುವೆ ಸಣ್ಣ ಗೋಡೆಗಳಿಂದ ಕೂಡಿಸಿದ ಎರಡು ತಟ್ಟೆಗಳೆಂದು ಗೊತ್ತಾಗುತ್ತದೆ. ತಿರುಗುವಾಗ ಈ ಸಂದುಗಳೊಳಗಿನ ಗಾಳಿ ಹೊರ ಅಂಚಿಗೆ ಎಸೆಯಲ್ಪಡುತ್ತದೆ. ಅದರ ಜಾಗಕ್ಕೆ ನಡುವಿನಿಂದ ಹೊಸ ಗಾಳಿ ನುಗ್ಗುತ್ತದೆ. ಬಾವಿಯ ನೀರೆತ್ತುವ ಕೇಂದ್ರಾಪಗಾಮಿ ಪಂಪಿನ ತತ್ತ್ವವೇ ಇದು. ಇನ್ನು ಬಿಲ್ಲೆಯ ಮೈತುಂಬ ತೂತುಗಳನ್ನು ಕೊರೆದು ಮಾರುವುದುಂಟು. ಓಟದ ಕಾರಿನ ಸೊಬಗು ಬರುತ್ತದೆಂದು ಯುವಕರು ಮೆಚ್ಚುತ್ತಾರೆ. ತೂತು ಕೊರೆದಷ್ಟೂ ಉಷ್ಣವನ್ನು ಹೊರುವ ಲೋಹ ಕಡಮೆಯಾಗುತ್ತದೆ, ತೂತಿನ ಅಂಚಿನಲ್ಲಿ ಬಿರುಕು ಹುಟ್ಟಲು ದಾರಿಯಾಗುತ್ತದೆ. ಊರೊಳಗೆ ಓಡಾಡುವ ಕಾರಿಗೆ ಇದರಿಂದ ಪ್ರಯೋಜನವಿದೆಯೆಂದು ನಮಗೆ ತೋರುವುದಿಲ್ಲ.

ಈಗ ಘಟ್ಟಕ್ಕೆ ಹಿಂದಿರುಗೋಣ. ಲೆಕ್ಕದ ಅನುಕೂಲಕ್ಕಾಗಿ 10 ಕಿಲೋಮೀಟರ್ ದಾರಿಯಲ್ಲಿ 500 ಮೀಟರ್ ಕೆಳಗಿಳಿಯುವ ರಸ್ತೆಯೊಂದನ್ನು ಭಾವಿಸಿಕೊಳ್ಳೋಣ. ನಮ್ಮ ಕಾರು ಮೇಲಿನಿಂದ ತರುವ ಪ್ರಚ್ಛನ್ನ ಶಕ್ತಿ ಸುಮಾರು 59 ಲಕ್ಷ ಜೂಲ್. ಟೈರುಗಳ ಉರುಳುವಿಕೆಗೂ ಗಾಳಿಯ ತಡೆಗೂ 17 ಲಕ್ಷದಷ್ಟು ಖರ್ಚಾದೀತು. ಉಳಿದ 42 ಲಕ್ಷವನ್ನು ಯಾರಾದರೂ ನುಂಗಲೇಬೇಕು. ಚಾಲಕನು ಎಂಜಿನ್ನಿನ ನೆರವು ಪಡೆಯದೆ, ಗಂಟೆಗೆ 30 ಕಿಲೋಮೀಟರಿನಂತೆ 20 ನಿಮಿಷಗಳ ಕಾಲ ಬ್ರೇಕನ್ನು ಒತ್ತಿಕೊಂಡೇ ಇಳಿದನೆನ್ನಿ. ಬ್ರೇಕುಗಳಿಗೆ ಸೇರುವ ಸಾಮರ್ಥ್ಯ 3.5 ಕಿಲೋವ್ಯಾಟ್, ಮುಂದಿನ ಒಂದೊಂದು ಬಿಲ್ಲೆಗೆ 1.2 ಕಿಲೋವ್ಯಾಟ್. ಮನೆಯ ವಿದ್ಯುತ್ ಇಸ್ತ್ರಿ ಪೆಟ್ಟಿಗೆಯನ್ನು ಗಾಲಿಯೊಳಗಿಟ್ಟು ಇಪ್ಪತ್ತು ನಿಮಿಷ ಉರಿಸಿದಂತಾಯಿತು. ಉಷ್ಣ ಹೊರಗೆ ಹೋಗಲು ದಾರಿಯೇ ಇಲ್ಲದಿದ್ದರೆ ಬಿಲ್ಲೆಯ ಉಷ್ಣತೆ 590 ಡಿಗ್ರಿ ಏರುತ್ತಿತ್ತು. ಗಾಳಿಯಿಂದ ಅಷ್ಟಾಗುವುದಿಲ್ಲ. ಆದರೆ ನಿಧಾನವಾಗಿ ಸಾಗುವ ಗಾಡಿಯಲ್ಲಿ ಬಿಲ್ಲೆಗೆ ಸಿಕ್ಕುವ ಗಾಳಿಯೂ ಕಡಮೆ. ಬಯಲಿನ ಹೆದ್ದಾರಿಯಲ್ಲಿ ಒಂದು ಸಲ ಬಲವಾಗಿ ನಿಲ್ಲಿಸುವುದಕ್ಕಿಂತ ಘಟ್ಟದಲ್ಲಿ ಮೆಲ್ಲಗೆ ಒತ್ತುತ್ತಲೇ ಇರುವುದು ಬ್ರೇಕಿಗೆ ಹೆಚ್ಚು ಕಷ್ಟವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಬಿಲ್ಲೆಯ ಬಿಸಿ ಪ್ಯಾಡಿನ ಮೂಲಕ ಕ್ಯಾಲಿಪರಿನ ಪಿಸ್ಟನ್ನಿಗೂ ಅದರ ಹಿಂದಿರುವ ಬ್ರೇಕಿನ ದ್ರವಕ್ಕೂ ಮೆಲ್ಲಮೆಲ್ಲನೆ ಹರಿಯುತ್ತದೆ. ನಿಜವಾದ ಆತಂಕವಿರುವುದು ಇಲ್ಲಿ. 'ಡಾಟ್ 4' ಎಂಬ ದರ್ಜೆಯ ಹೊಸ ದ್ರವ 230 ಡಿಗ್ರಿಗಿಂತ ಕೆಳಗೆ ಕುದಿಯಬಾರದೆಂದು ನಿಯಮವಿದೆ. ಆದರೆ ಈ ದ್ರವ ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ನೂರಕ್ಕೆ ಸುಮಾರು 3.7 ಪಾಲು ನೀರು ಸೇರಿದ ಮೇಲೆ ಅದೇ ದ್ರವಕ್ಕೆ ನಿಗದಿಯಾದ ಕನಿಷ್ಠ ಕುದಿಬಿಂದು 155 ಡಿಗ್ರಿ ಮಾತ್ರ. ದ್ರವ ಕುದಿದು ಆವಿಯ ಗುಳ್ಳೆಗಳೆದ್ದರೆ, ಪೆಡಲಿನ ಒತ್ತು ಗುಳ್ಳೆಗಳನ್ನು ಕುಗ್ಗಿಸುವುದರಲ್ಲಿಯೇ ಮುಗಿದುಹೋಗುತ್ತದೆ. ಪೆಡಲು ತಳಕ್ಕೆ ಇಳಿಯುತ್ತದೆ, ಗಾಡಿ ನಿಲ್ಲುವುದಿಲ್ಲ. ಗಾಡಿಯನ್ನು ನಿಲ್ಲಿಸಿದೊಡನೆ ಗಾಳಿಯೂ ನಿಲ್ಲುವುದರಿಂದ, ಬಿಲ್ಲೆಯ ಬಿಸಿ ಕ್ಯಾಲಿಪರಿಗೆ ಏರಿ ದ್ರವದ ಉಷ್ಣತೆ ಇನ್ನಷ್ಟು ಹೆಚ್ಚುವುದುಂಟು. ಘಟ್ಟದ ನಡುವೆ ಚಹಾ ಕುಡಿಯಲು ನಿಂತು ಹೊರಟ ಗಾಡಿಯ ಬ್ರೇಕು ಹತ್ತು ನಿಮಿಷದ ಕೆಳಗೆ ಚೆನ್ನಾಗಿದ್ದುದು ಈಗ ಏಕೆ ಕೈಕೊಟ್ಟಿತೆಂದು ಬೆರಗಾಗುವವರಿಗೆ ಉತ್ತರ ಇದೇ. ಮಲೆನಾಡಿನ ತೇವದ ಹವೆಯಲ್ಲಿ ದ್ರವವನ್ನು ಎರಡು ವರ್ಷಕ್ಕೊಮ್ಮೆ ಬದಲಾಯಿಸುವುದು ದುಂದಲ್ಲ.

ಪರಿಹಾರ ಹಳೆಯ ಚಾಲಕರಿಗೆಲ್ಲ ಗೊತ್ತಿರುವುದೇ: ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ. ಎರಡನೆಯ ಗೇರಿನಲ್ಲಿ ಗಾಲಿಗಳೇ ಎಂಜಿನ್ನನ್ನು ತಿರುಗಿಸಬೇಕಾಗಿ ಬಂದು, ಅದರೊಳಗಿನ ಘರ್ಷಣೆಯೂ ಗಾಳಿಯನ್ನು ಎಳೆದು ಒತ್ತುವ ಶ್ರಮವೂ ಸೇರಿ ನಮ್ಮ 3.5 ಕಿಲೋವ್ಯಾಟಿನ ಬಹುಭಾಗವನ್ನು ಎಂಜಿನ್ನೇ ಹೊರುತ್ತದೆ. ಆ ಉಷ್ಣ ರೇಡಿಯೇಟರಿನಿಂದಲೂ ಹೊಗೆಕೊಳವೆಯಿಂದಲೂ ಹೊರಗೆ ಹೋಗುತ್ತದೆ. ಪೆಟ್ರೋಲು ಉಳಿಯುವುದೆಂದು ನ್ಯೂಟ್ರಲಿನಲ್ಲಿ ಇಳಿಸುವವರ ಲೆಕ್ಕವೂ ತಪ್ಪು. ಈಗಿನ ಎಂಜಿನ್ನುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಧನ ಪೂರ್ತಿ ನಿಲ್ಲುತ್ತದೆ; ನ್ಯೂಟ್ರಲಿನಲ್ಲಿ ಎಂಜಿನ್ನು ಆರದಂತೆ ಸ್ವಲ್ಪ ಇಂಧನ ಉರಿಯುತ್ತಲೇ ಇರುತ್ತದೆ.

ಬಿಂದಿಗೆಯ ನೀರಿನ ಮಾತು ಉಳಿಯಿತು. ಕಾದ ಬಿಲ್ಲೆಯ ಹೊರಮೈಯನ್ನು ಮಾತ್ರ ತಟ್ಟನೆ 200 ಡಿಗ್ರಿ ತಣಿಸಿದರೆ ಹೊರಮೈ ಕುಗ್ಗಬಯಸುತ್ತದೆ. ಬಿಸಿಯಾದ ಒಳಮೈ ಬಿಡುವುದಿಲ್ಲ. ಆಗ ಹುಟ್ಟುವ ಎಳೆತವನ್ನು ಯಂಗನ ಗುಣಾಂಕ, ಹಿಗ್ಗುವಿಕೆಯ ಗುಣಾಂಕ, ಉಷ್ಣತೆಯ ವ್ಯತ್ಯಾಸ, ಈ ಮೂರನ್ನು ಗುಣಿಸಿ ಅಂದಾಜು ಮಾಡಬಹುದು. ಬೀಡು ಕಬ್ಬಿಣಕ್ಕೆ ಅದು ಚದರ ಮಿಲಿಮೀಟರಿಗೆ ಸುಮಾರು 240 ನ್ಯೂಟನ್ ಆಗುತ್ತದೆ. ಬಿಲ್ಲೆಗೆ ಬಳಸುವ ಬೀಡು ಕಬ್ಬಿಣ ತಾಳುವ ಎಳೆತವೇ 200ರಿಂದ 250. ಬಿರುಕು ಬಿಡದಿದ್ದರೆ ಅದೃಷ್ಟವೆನ್ನಬೇಕು. ಓಡುವಾಗ ಸಿಡಿಯುವ ಮಳೆಹನಿಗಳ ಮಾತು ಬೇರೆ. ಅವು ಸಮವಾಗಿ, ಸ್ವಲ್ಪ ಸ್ವಲ್ಪವಾಗಿ ಬೀಳುತ್ತವೆ. ಘಟ್ಟ ಇಳಿದ ಮೇಲೆ ಸಮರಸ್ತೆಯಲ್ಲಿ ಬ್ರೇಕನ್ನು ಮುಟ್ಟದೆ ಎರಡು ಮೂರು ಕಿಲೋಮೀಟರ್ ಓಡಿಸಿದರೆ ಬಿಲ್ಲೆ ತಾನೇ ತಣಿಯುತ್ತದೆ. ನಿಲ್ಲಲೇಬೇಕಾದರೆ ಸಮನೆಲದಲ್ಲಿ ಗೇರು ಹಾಕಿ, ಗಾಲಿಗೆ ಕಲ್ಲು ಕೊಟ್ಟು, ಪೆಡಲಿನಿಂದ ಕಾಲು ತೆಗೆಯಬೇಕು. ಕಾದ ಬಿಲ್ಲೆಯನ್ನು ಪ್ಯಾಡು ಒಂದೇ ಕಡೆ ಅಮುಕಿ ಹಿಡಿದಿದ್ದರೆ ಅದರ ವಸ್ತು ಆ ಜಾಗಕ್ಕೆ ಅಂಟಿ ಅಚ್ಚು ಉಳಿಯುತ್ತದೆ.

ಈ ಅಚ್ಚಿನ ಮಾತು ನಮ್ಮನ್ನು ಬಿಲ್ಲೆಯ ಅತ್ಯಂತ ಸಾಮಾನ್ಯ ಕಾಯಿಲೆಗೆ ತರುತ್ತದೆ. ನಾವು ಓಡಿಸುತ್ತಿದ್ದ ಕಾರಿನಲ್ಲಿ ಗಂಟೆಗೆ 80 ಕಿಲೋಮೀಟರಿನ ಆಸುಪಾಸಿನಲ್ಲಿ ಬ್ರೇಕು ಹಾಕಿದಾಗಲೆಲ್ಲ ಸ್ಟಿಯರಿಂಗು ನಡುಗತೊಡಗಿತು. ಗರಾಜಿನವರು ಗಾಲಿಯನ್ನು ಬಿಚ್ಚಿಯೂ ನೋಡದೆ, "ಡಿಸ್ಕ್ ಬೆಂಡ್ ಆಗಿದೆ ಸಾರ್, ಎರಡೂ ಬದಲಾಯಿಸಬೇಕು" ಎಂದರು. ಹಾಗೆ ಹೇಳುವುದು ಎಲ್ಲೆಡೆಯೂ ರೂಢಿ. ಕಬ್ಬಿಣ ಬಾಗಿದ್ದರೆ ಎಷ್ಟು ಬಾಗಿದೆಯೆಂದು ಅಳೆದು ನೋಡೋಣವೆಂಬ ಹಟ ನಮಗೆ ಹುಟ್ಟಿತು. ಪ್ರಯೋಗಶಾಲೆಯ ಸ್ಕ್ರೂಗೇಜನ್ನೂ ಒಂದು ಡಯಲ್ ಗೇಜನ್ನೂ ತಂದು, ಇಬ್ಬರು ವಿದ್ಯಾರ್ಥಿಗಳ ನೆರವಿನಿಂದ ಗಾಲಿಗಳನ್ನು ಬಿಚ್ಚಿದೆವು. ಬಿಲ್ಲೆಯ ಹೊರ ಅಂಚಿನಲ್ಲಿ ಪ್ಯಾಡು ತಾಗದ ಕಡೆ ತುಕ್ಕಿನ ಏಣೊಂದು ಎದ್ದಿರುತ್ತದೆ. ವರ್ನಿಯರ್ ಕ್ಯಾಲಿಪರಿನಿಂದ ಅಳೆದರೆ ಅದರ ದವಡೆಗಳು ಈ ಏಣಿನ ಮೇಲೆ ಕುಳಿತು, ಸವೆದ ಬಿಲ್ಲೆಯೂ ಹೊಸದರಂತೆ ದಪ್ಪವಾಗಿ ಕಾಣುತ್ತದೆ. ಸ್ಕ್ರೂಗೇಜು ಏಣನ್ನು ದಾಟಿ ಒಳಮೈಯನ್ನು ಮುಟ್ಟುತ್ತದೆ. ಅಂಚಿನಿಂದ 12 ಮಿಲಿಮೀಟರ್ ಒಳಗೆ, 30 ಡಿಗ್ರಿಗೊಂದರಂತೆ ಹನ್ನೆರಡು ಕಡೆ ದಪ್ಪವನ್ನು ಅಳೆದೆವು.

ಬಲಗಡೆಯ ಬಿಲ್ಲೆಯ ಹನ್ನೆರಡು ಅಳತೆಗಳೂ 0.01 ಮಿಲಿಮೀಟರಿನೊಳಗೆ ಒಂದೇ ಇದ್ದುವು. ಎಡಗಡೆಯದು ಅತಿ ಹೆಚ್ಚೆಂದರೆ 20.94, ಅತಿ ಕಡಮೆ 20.91. ವ್ಯತ್ಯಾಸ 0.03, ಸ್ಕ್ರೂಗೇಜಿನ ಮೂರು ಗೆರೆ ಮಾತ್ರ. ನಡುಕಕ್ಕೆ ಇಷ್ಟೇ ಸಾಕು. ತೆಳ್ಳಗಿನ ಭಾಗವೂ ದಪ್ಪಗಿನ ಭಾಗವೂ ಸರದಿಯಂತೆ ಪ್ಯಾಡುಗಳ ನಡುವೆ ನುಸುಳುವಾಗ ಪಿಸ್ಟನ್ನು ಹಿಂದಕ್ಕೂ ಮುಂದಕ್ಕೂ ನೂಕಲ್ಪಟ್ಟು, ದ್ರವದ ಒತ್ತಡ ಏರಿಳಿಯುತ್ತದೆ. ಬ್ರೇಕಿನ ಬಲವೂ ಅದರಂತೆ ಏರಿಳಿಯುತ್ತದೆ. ಗಂಟೆಗೆ 80 ಕಿಲೋಮೀಟರಿನಲ್ಲಿ ಗಾಲಿ ಸೆಕೆಂಡಿಗೆ ಹನ್ನೆರಡು ಹದಿಮೂರು ಸುತ್ತು ತಿರುಗುತ್ತದೆ. ಸ್ಟಿಯರಿಂಗಿನ ಸಹಜ ಆವರ್ತಸಂಖ್ಯೆಗೆ ಈ ಏರಿಳಿತ ಹೊಂದಿದಾಗ ಅನುನಾದದಿಂದ ನಡುಕ ದೊಡ್ಡದಾಗುತ್ತದೆ. ವೇಗ ಇನ್ನೂ ತಗ್ಗಿದರೆ ಮಾಯವಾಗುತ್ತದೆ. ಉಯ್ಯಾಲೆಯನ್ನು ತಕ್ಕ ಹೊತ್ತಿಗೆ ನೂಕುವ ಕಥೆಯೇ.

ಆದರೆ ಈ ತೆಳುವು ಬಂದುದು ಹೇಗೆ? ಡಯಲ್ ಗೇಜನ್ನು ಬಿಲ್ಲೆಗೆ ತಾಗಿಸಿ ಮೆಲ್ಲನೆ ತಿರುಗಿಸಿದಾಗ ಎಡಗಡೆಯ ಬಿಲ್ಲೆ ಒಂದು ಸುತ್ತಿನಲ್ಲಿ 0.11 ಮಿಲಿಮೀಟರ್ ಅತ್ತಿತ್ತ ಓಲಾಡುವುದು ಕಂಡಿತು. ಹೊಸ ಕಾರುಗಳಲ್ಲಿ ಇದು ಸಾಧಾರಣವಾಗಿ 0.05ರೊಳಗೆ ಇರಬೇಕು. ಬಿಲ್ಲೆಯನ್ನು ಕಳಚಿದೆವು. ಕುಂಭದ ಮುಖದ ಮೇಲೆ ಒಂದು ಕಡೆ ತುಕ್ಕಿನ ಹಕ್ಕಳೆ ಕುಳಿತಿತ್ತು. ತಂತಿಯ ಬ್ರಷ್ಷಿನಿಂದಲೂ ಉಪ್ಪುಕಾಗದದಿಂದಲೂ ಅದನ್ನು ಉಜ್ಜಿ ತೆಗೆದು ಅದೇ ಬಿಲ್ಲೆಯನ್ನು ಮತ್ತೆ ಕೂಡಿಸಿದಾಗ ಓಲಾಟ 0.03ಕ್ಕೆ ಇಳಿಯಿತು! ಬಿಲ್ಲೆ ಬಾಗಿರಲಿಲ್ಲ, ವಾರೆಯಾಗಿ ಕುಳಿತಿತ್ತು. ಕುಂಭದ ಮುಖದ ವ್ಯಾಸ 140 ಮಿಲಿಮೀಟರ್, ನಾವು ಅಳೆದ ವೃತ್ತದ ವ್ಯಾಸ 240 ಎಂಬುದರಿಂದ ಸದೃಶ ತ್ರಿಭುಜಗಳ ಲೆಕ್ಕ ಮಾಡಿದರೆ ಆ ಹಕ್ಕಳೆಯ ದಪ್ಪ 0.05 ಮಿಲಿಮೀಟರ್, ಬರೆಯುವ ಕಾಗದದ ಅರ್ಧ ದಪ್ಪ. ಹೀಗೆ ಓಲಾಡುವ ಬಿಲ್ಲೆ, ಬ್ರೇಕು ಹಾಕದಿರುವಾಗಲೂ ಸುತ್ತಿಗೊಮ್ಮೆ ಒಂದು ಪಕ್ಕದ ಉಬ್ಬಿನಿಂದ ಒಂದು ಪ್ಯಾಡನ್ನೂ, ಎದುರು ಪಕ್ಕದ ಉಬ್ಬಿನಿಂದ ಇನ್ನೊಂದನ್ನೂ ಸವರಿಕೊಂಡು ಹೋಗುತ್ತದೆ. ಸಾವಿರಾರು ಕಿಲೋಮೀಟರುಗಳಲ್ಲಿ ಆ ಎರಡು ಜಾಗಗಳೇ ಸವೆದು ತೆಳುವಾಗುತ್ತವೆ. ಗರಾಜಿನವರ ಮಾತಿನಂತೆ ಹೊಸ ಬಿಲ್ಲೆಗಳನ್ನು ಅದೇ ತುಕ್ಕಿನ ಮೇಲೆ ಕೂಡಿಸಿದ್ದರೆ ಕೆಲವು ತಿಂಗಳು ನೆಮ್ಮದಿ, ಅನಂತರ ಮತ್ತೆ ಅದೇ ನಡುಕ. ಗಾಲಿಯ ನಟ್ಟುಗಳನ್ನು ಸುತ್ತಲೂ ಒಂದೇ ಸಮನಾಗಿ, ಎದುರುಬದುರಾಗಿ ಬಿಗಿಯದೆ ಯಂತ್ರದಿಂದ ಒಂದೊಂದನ್ನೇ ಪೂರ್ತಿ ಬಿಗಿದುಬಿಡುವುದರಿಂದಲೂ ಬಿಲ್ಲೆ ಹೀಗೆಯೇ ವಾರೆಯಾಗುವುದುಂಟು.

ಆ ಬಿಲ್ಲೆಯ ಮೇಲೆ ಕನಿಷ್ಠ ದಪ್ಪ 20 ಮಿಲಿಮೀಟರ್ ಎಂದು ಅಚ್ಚೊತ್ತಿತ್ತು. ಪ್ರತಿ ಬಿಲ್ಲೆಯ ಕುಂಭದ ಮೇಲಾಗಲಿ ಅಂಚಿನಲ್ಲಾಗಲಿ ಇಂಥ ಸಂಖ್ಯೆಯಿರುತ್ತದೆ. ಅದಕ್ಕಿಂತ ತೆಳುವಾದ ಬಿಲ್ಲೆ ಉಷ್ಣವನ್ನು ಹೊರಲಾರದು, ಅದನ್ನು ಎಸೆಯಲೇಬೇಕು. ನಮ್ಮದಕ್ಕೆ ಇನ್ನೂ ಅವಕಾಶವಿದ್ದುದರಿಂದ ಎರಡೂ ಬಿಲ್ಲೆಗಳನ್ನು ಲೇತಿಗೆ ಹಾಕಿಸಿ ಪಕ್ಕಕ್ಕೆ 0.1 ಮಿಲಿಮೀಟರಿನಂತೆ ಹೆರೆಯಿಸಿದೆವು. ದಪ್ಪ 20.7 ಉಳಿಯಿತು, ನಡುಕ ನಿಂತಿತು. ಆದರೆ ಎಲ್ಲ ಬಿಲ್ಲೆಗಳೂ ಹೀಗೆ ಗುಣವಾಗುವುದಿಲ್ಲ. ಮೈಮೇಲೆ ನೀಲಿ ಕಪ್ಪು ಕಲೆಗಳಿದ್ದರೆ ಆ ಜಾಗಗಳು 700 ಡಿಗ್ರಿಯಷ್ಟು ಕಾದು, ಅಲ್ಲಿನ ಕಬ್ಬಿಣ ಸಿಮೆಂಟೈಟೆಂಬ ಅತಿ ಗಡಸು ವಸ್ತುವಾಗಿ ಮಾರ್ಪಟ್ಟಿರುವ ಸಂಭವವುಂಟು. ಅದರ ಬೇರು ಆಳಕ್ಕಿಳಿದಿರುವುದರಿಂದ ಮೇಲೆ ಹೆರೆದರೂ ಸ್ವಲ್ಪ ಕಾಲದಲ್ಲಿ ಮತ್ತೆ ಉಬ್ಬಾಗಿ ನಿಲ್ಲುತ್ತದೆ.

ಹೊಸ ಬಿಲ್ಲೆಯನ್ನು ಹಾಕಿಸುವಾಗ ಅದರ ಮೇಲಿನ ತುಕ್ಕುನಿರೋಧಕ ಎಣ್ಣೆಯನ್ನು ಪೂರ್ತಿ ಒರೆಸಿದ್ದಾರೆಯೇ ಎಂದು ನೋಡಿಕೊಳ್ಳಬೇಕು. ಮೊದಲ ಕೆಲವು ನೂರು ಕಿಲೋಮೀಟರ್ ಬ್ರೇಕನ್ನು ಹದವಾಗಿ ಬಳಸಿದರೆ ಪ್ಯಾಡಿನ ವಸ್ತುವಿನ ತೆಳು ಪದರ ಬಿಲ್ಲೆಯ ಮೇಲೆ ಸಮನಾಗಿ ಕೂಡುತ್ತದೆ. ಪ್ಯಾಡು 3 ಮಿಲಿಮೀಟರಿಗೆ ಇಳಿದ ಮೇಲೆ ಕಾಯಬಾರದು. ಹಲವು ಪ್ಯಾಡುಗಳಲ್ಲಿ ಆ ಹೊತ್ತಿಗೆ ಬಿಲ್ಲೆಗೆ ತಾಗಿ ಕಿರುಗುಟ್ಟುವಂತೆ ಉಕ್ಕಿನ ಚಿಕ್ಕ ಪಟ್ಟಿಯೊಂದನ್ನು ಇಟ್ಟಿರುತ್ತಾರೆ. ಈ ಎಚ್ಚರಿಕೆಯ ಸದ್ದನ್ನು ಸಾಮಾನ್ಯ ಕೀರಲು ಸದ್ದೆಂದು ತಳ್ಳಿಹಾಕಬಾರದು. ಸಾಮಾನ್ಯ ಕೀರಲು ಪಿಟೀಲಿನ ಕಮಾನು ತಂತಿಯನ್ನು ಹಿಡಿದು ಬಿಟ್ಟು ಹಿಡಿದು ಬಿಟ್ಟು ನುಡಿಸುವಂತೆ ಪ್ಯಾಡು ಬಿಲ್ಲೆಯನ್ನು ನುಡಿಸುವುದರಿಂದ ಬರುತ್ತದೆ. ಅದು ಕಿವಿಗೆ ಹಿತವಲ್ಲವಾದರೂ ಅಪಾಯಕರವಲ್ಲ. ಒಂದೇ ಗಾಲಿಯ ಎರಡು ಪ್ಯಾಡುಗಳಲ್ಲಿ ಒಂದು ಮಾತ್ರ ಸವೆದಿದ್ದರೆ ಕ್ಯಾಲಿಪರ್ ಜಾರಾಡುವ ಪಿನ್ನುಗಳು ಕಚ್ಚಿಕೊಂಡಿವೆಯೆಂದು ತಿಳಿಯಬೇಕು. ಬ್ರೇಕಿನ ಧೂಳನ್ನು ಗಾಳಿ ಹೊಡೆದು ಹಾರಿಸುವುದು ಗರಾಜುಗಳ ಕೆಟ್ಟ ಅಭ್ಯಾಸ. ಒದ್ದೆ ಬಟ್ಟೆಯಿಂದ ಒರೆಸುವುದು ಲೇಸು. ಈ ಧೂಳಿನ ಕಣಗಳಿಗೂ ಮಿತಿಯಿರಬೇಕೆಂದು ಐರೋಪ್ಯ ಒಕ್ಕೂಟವು 2024ರಲ್ಲಿ ಮೊಟ್ಟಮೊದಲಿಗೆ ನಿಯಮ ಮಾಡಿದೆ.

ರಾತ್ರಿ ಮಳೆಯಲ್ಲಿ ನಿಂತ ಕಾರಿನ ಬಿಲ್ಲೆಯ ಮೇಲೆ ಬೆಳಿಗ್ಗೆ ಕಿತ್ತಳೆ ಬಣ್ಣದ ತುಕ್ಕು ಕಂಡು ಗಾಬರಿಯಾಗಬೇಕಾಗಿಲ್ಲ. ಮೂರು ನಾಲ್ಕು ಸಲ ಬ್ರೇಕು ಹಾಕುವಷ್ಟರಲ್ಲಿ ಅದು ಒರೆಸಿಹೋಗುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯ ವಿಷಯ ಬೇರೆ. ಆಗ ತುಕ್ಕು ಹಳ್ಳ ತೋಡುತ್ತದೆ, ಪ್ಯಾಡು ಬಿಲ್ಲೆಗೆ ಅಂಟಿಕೊಳ್ಳುವುದೂ ಉಂಟು. ಈಗ ಬಳಕೆಗೆ ಬರುತ್ತಿರುವ ವಿದ್ಯುತ್ ಕಾರುಗಳಲ್ಲಿ ದಿನವೂ ಓಡುವ ಗಾಡಿಯ ಬಿಲ್ಲೆಗೂ ಈ ಗತಿ ಬರುವುದು ಒಂದು ವಿಚಿತ್ರ. ಅವುಗಳ ಮೋಟಾರೇ ಡೈನಮೋ ಆಗಿ ತಿರುಗಿ ಚಲನಶಕ್ತಿಯನ್ನು ಬ್ಯಾಟರಿಗೆ ಮರಳಿಸುವುದರಿಂದ ಬಿಲ್ಲೆಗೆ ಕೆಲಸ ಸಿಕ್ಕುವುದೇ ಅಪರೂಪ. ಉಜ್ಜುವವರಿಲ್ಲದೆ ಅದು ತುಕ್ಕು ಹಿಡಿಯುತ್ತದೆ. ಇದಕ್ಕಾಗಿ ವಾರಕ್ಕೊಮ್ಮೆಯಾದರೂ ತೆರವಾದ ರಸ್ತೆಯಲ್ಲಿ ನಾಲ್ಕಾರು ಸಲ ಗಟ್ಟಿಯಾಗಿ ಬ್ರೇಕು ಹಾಕುವುದು ಒಳ್ಳೆಯದು. ಇಂಥ ಕೆಲವು ಕಾರುಗಳ ಹಿಂದಿನ ಗಾಲಿಗಳಿಗೆ ತಯಾರಕರು ಮುಚ್ಚಿದ ಡ್ರಮ್ಮುಗಳನ್ನೇ ಮತ್ತೆ ತಂದು ಕೂಡಿಸಿದ್ದಾರೆ.